ಮುಚ್ಚಳ ತೆಗೆಯುವ ಮಾವ, ಬಾಗಿಲು ತೆರೆಯದ ಬ್ರೌಸರು

ನನ್ನ ಸೋದರಮಾವ ಹುಟ್ಟಿದಾಗಿನಿಂದ ಯಾರ ಮನೆಯ ಬಾಗಿಲನ್ನೂ ತಟ್ಟಿದವನಲ್ಲ ಎಂದರೆ ನೀವು ಅವನನ್ನು ಮಹಾ ಸ್ವಾಭಿಮಾನಿ ಎಂದುಕೊಳ್ಳಬಹುದು. ಖಂಡಿತ ಅಲ್ಲ! ತಟ್ಟುವಷ್ಟು ಹೊತ್ತು ಅವನು ಬಾಗಿಲ ಹೊರಗೆ ನಿಂತದ್ದೇ ಇಲ್ಲ. ನೀವು "ಯಾರ್ರೀ?" ಎನ್ನುವಷ್ಟರಲ್ಲಿ ಅವನು ಪಡಸಾಲೆ ದಾಟಿ, ಅಡುಗೆಮನೆ ಹೊಕ್ಕು, ಒಲೆಯ ಮೇಲಿನ ಪಾತ್ರೆಯ ಮುಚ್ಚಳ ಎತ್ತಿರುತ್ತಾನೆ. "ಬದನಿಕಾಯಿ ಎಣಗಾಯಿ! ಎಣ್ಣಿ ಒಂದೀಟ ಕಮ್ಮಿ ಆಗೇತಿ ನೋಡ್ರಿ" ಎಂಬ ತೀರ್ಪು ಹೊರಬಿದ್ದ ಮೇಲೆಯೇ ಬಂದವರು ಯಾರೆಂದು ಮನೆಯವರಿಗೆ ಗೊತ್ತಾಗುವುದು.

ತಪ್ಪು ಅವನದಲ್ಲ, ನೌಕರಿಯದು. ಬೈಲಹೊಂಗಲದ ಓಣಿ ಓಣಿ ತಿರುಗಿ ಕರೆಂಟಿನ ಮೀಟರ್ ಓದುವ ಕೆಲಸ ಅವನದಾಗಿತ್ತು. ಆಗೆಲ್ಲ ಮೀಟರುಗಳು ನಡುಮನೆಯ ಗೋಡೆಯ ಮೇಲಿರುತ್ತಿದ್ದವು. ಮೀಟರ್ ಓದಿದವನು ಹಾಗೇ ಪಾತ್ರೆಯನ್ನೂ ಓದಿಕೊಂಡು ಬರುತ್ತಿದ್ದ. ಮುಂದೆ ಮೀಟರುಗಳೆಲ್ಲ ಹೊರಗೋಡೆಗೆ ಬಂದವು. ಮಾವ ಮಾತ್ರ ಒಳಗೇ ಉಳಿದ! ನಿವೃತ್ತಿಯಾದ ಮೇಲೂ ಅಷ್ಟೇ. ಯಾರ ಮನೆಯಲ್ಲಿ ಶೇಂಗಾ ಹೋಳಿಗೆ, ಯಾರ ಮನೆಯಲ್ಲಿ ನಿನ್ನೆಯ ಸಾರು ಎಂಬ ಸುದ್ದಿ ಅವನ ಜೊತೆಗೇ ಓಣಿ ಸುತ್ತುತ್ತಿತ್ತು. ಮನಸ್ಸಿನಲ್ಲಿ ಕೇಡಿಲ್ಲದವನಾದ್ದರಿಂದ ಯಾರೂ ಬೈಯುತ್ತಿರಲಿಲ್ಲ. ಅವನ ಹೆಂಡತಿ, ಅಂದರೆ ನನ್ನ ಅತ್ತೆಯ ಗೋಳೇ ಬೇರೆ.

"ನಮ್ಮ ಮನ್ಯಾಗ ಅನ್ನ ನೆಟ್ಟಗ ಬೆಂದದ್ದ ಇಲ್ಲವಾ. ಬೇಯೂದ್ರಾಗ ಹತ್ತ ಸಲ ಮುಚ್ಚಳಾ ತಗದ್ರ ಅದರ ಹೆಂಗ ಬೇಯಬೇಕ?"

ಇಂಥ ಮಾವ ಏಳು ವರ್ಷದಿಂದ ಕಾಲಿಡದ ಅಡುಗೆಮನೆ ಒಂದೇ ಒಂದಿತ್ತು. ಅದು ರಾಮದುರ್ಗದಲ್ಲಿರುವ ಅವನ ಸ್ವಂತ ಅಕ್ಕನದು! ಆಕೆ ನನಗೆ ದೊಡ್ಡವ್ವ. ತಾಯಿ ತೀರಿಕೊಂಡಾಗ ಮಾವನಿಗೆ ನಾಲ್ಕು ವರ್ಷವಂತೆ. ನನ್ನ ಅವ್ವನನ್ನೂ ಅವನನ್ನೂ ತುತ್ತು ಕೊಟ್ಟು ಬೆಳೆಸಿದವಳು ದೊಡ್ಡವ್ವ. ಮುಚ್ಚಳ ತೆಗೆದು ನೋಡುವ ಚಾಳಿ ಅವನು ಕಲಿತದ್ದೂ ಅವಳ ಒಲೆಯ ಮುಂದೆಯೇ.

ಜಗಳವಾದದ್ದು ದೊಡ್ಡವ್ವನ ಮಗಳನ್ನು ನೋಡಲು ಸವದತ್ತಿಯಿಂದ ಗಂಡಿನವರು ಬಂದ ದಿನ. ಪಡಸಾಲೆಯಲ್ಲಿ ಬೀಗರಾಗುವವರು ಕುಳಿತಿದ್ದರು. ತಾಟಿನಲ್ಲಿ ಬೇಸನ್ ಉಂಡೆ. "ನಿನ್ನೆ ಮುಂಜಾನಿಂದ ಕುಂತ ನಾನಽ ಕಟ್ಟೇನ್ರಿ," ಎಂದು ದೊಡ್ಡವ್ವ ಹೇಳುತ್ತಿದ್ದಳು. ಅದೇ ಹೊತ್ತಿಗೆ ಮಾವ ಅಡುಗೆಮನೆಯಿಂದ ಹೊರಬಂದ. ಕೈಯಲ್ಲಿ ಅಂಗಡಿಯ ಹೆಸರು ಅಚ್ಚು ಹಾಕಿದ ರಟ್ಟಿನ ಡಬ್ಬಿ!

"ಅಕ್ಕಾ, ಈ ಅಂಗಡ್ಯಾಂವ ಬೇಸನ್ ಉಂಡಿ ಭಾಳ ಛಲೋ ಮಾಡ್ತಾನ ಅಲಾ! ಯಾವಾಗ ತರಿಸಿದಿ?"

ಗಂಡಿನವರು ನಕ್ಕರು, ಹುಡುಗಿಯನ್ನು ಒಪ್ಪಿದರು, ಮದುವೆಯೂ ಆಯಿತು. ಆದರೆ ದೊಡ್ಡವ್ವನ ಮುಖ ಅಂದು ಕೆಂಪಾದದ್ದು ಇಳಿಯಲೇ ಇಲ್ಲ. "ಇನ್ನ ಮ್ಯಾಲೆ ಕೇಳದ ನನ್ನ ಅಡಗಿಮನಿಗೆ ಕಾಲಿಟ್ಟಿ ಅಂದ್ರ ನೋಡು!" ಎಂದಳು. ಮಾವನಿಗೂ ರೋಷ ಬಂತು. "ಕೇಳಿ ಬರೂದಾದ್ರ ಅದು ಅಕ್ಕನ ಮನಿ ಹೆಂಗ ಆಗತೈತಿ? ಇವತ್ತಿನಿಂದ ನಿನ್ನ ಅಡಗಿ ಕಡೆ ಕಣ್ಣೆತ್ತಿ ಸುದ್ಧಾ ನೋಡಂಗಿಲ್ಲ!" ಎಂದು ಚಪ್ಪಲಿ ಮೆಟ್ಟಿಕೊಂಡು ಬಂದವನು ಮತ್ತೆ ರಾಮದುರ್ಗದ ಬಸ್ಸು ಹತ್ತಲಿಲ್ಲ.

ಇನ್ನು ಕಂಪ್ಯೂಟರಿನ ಕಥೆ. ನಿವೃತ್ತಿಯ ಮೇಲೆ ಕೈ ಸುಮ್ಮನಿರದ ಮಾವ, ವಿಡಿಯೋ ನೋಡಿ ನೋಡಿ ವೆಬ್ ಪುಟ ಕಟ್ಟುವುದನ್ನು ಕಲಿತ. ಅರ್ಧ ಕಲಿತ ಮೇಲೆ ಉಳಿದರ್ಧಕ್ಕೆ ನನ್ನ ಮನೆಗೆ ನುಗ್ಗತೊಡಗಿದ. ನಾನು ಬೈಲಹೊಂಗಲದಲ್ಲೇ ಒಂದು ಹೈಸ್ಕೂಲಿನಲ್ಲಿ ಕಂಪ್ಯೂಟರ್ ಕಲಿಸುವವಳು. ಮೊದಲು ನನ್ನ ಒಲೆಯ ಮೇಲಿನ ಪಾತ್ರೆ ನೋಡುತ್ತಿದ್ದ, ಆಮೇಲೆ ತನ್ನ ಲ್ಯಾಪ್‌ಟಾಪ್ ತೆರೆಯುತ್ತಿದ್ದ. ಅವನ ಪುಟದ ಹೆಸರು "ನಾಲ್ಕು ತಾಲೂಕು, ಒಂದೇ ತಾಟು". ಅದರಲ್ಲಿ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಕ್ಕೆ ನಾಲ್ಕು ಚೌಕಟ್ಟು. ಪುಟದಲ್ಲಿ ಚೌಕಾಕಾರದ ಜಾಗ ಮಾಡಿ ಅದರೊಳಗೆ ಬೇರೊಂದು ಪುಟವನ್ನೇ ತಂದು ಕೂರಿಸುವುದಕ್ಕೆ ಐಫ್ರೇಮ್ ಎನ್ನುತ್ತಾರೆ. ನಾಲ್ಕು ಊರಿನ ಅಡುಗೆಯ ಪುಟಗಳೂ ಅವನೇ ಬರೆದವು. ಹೊರಗಿನ ಪುಟದಿಂದ ಸ್ಕ್ರಿಪ್ಟ್, ಅಂದರೆ ಕಂಪ್ಯೂಟರಿಗೆ ಕೊಡುವ ಆಜ್ಞೆಯ ಸಾಲು, ಬರೆದು ಒಳಗಿನ ಪುಟದ ಅಕ್ಷರ ಬದಲಿಸಬಹುದು ಎಂದು ತಿಳಿದ ದಿನ ಅವನ ಸಂಭ್ರಮ ನೋಡಬೇಕಿತ್ತು!

"ಬೈಲಹೊಂಗಲದಾಗ ಕುಂತ ಕಿತ್ತೂರಿಗೆ ಹಸರ ಬಣ್ಣಾ ಹಚ್ಚೇನಿ, ಬರ್ರಿ ನೋಡ್ರಿ!" ಎಂದು ಓಣಿಯವರನ್ನೆಲ್ಲ ಕರೆದ. ಕಿತ್ತೂರು ಹಸಿರಾಗಿತ್ತು. ಎದುರುಮನೆಯವರು ಕಿತ್ತೂರಿನಲ್ಲಿರುವ ತಮ್ಮ ತಂಗಿಗೆ ಫೋನು ಹಚ್ಚಿ, ಅಲ್ಲಿ ಏನಾದರೂ ಆಗಿದೆಯೇ ಎಂದು ವಿಚಾರಿಸಿದರು.

ಮರುದಿನ ಬೆಳಗ್ಗೆ ಮಾವ ಗಾಬರಿಯಿಂದ ಓಡಿಬಂದ. "ಏನವಾ ಮಾಸ್ತರಣಿ, ಸವದತ್ತ್ಯಾಗ ಏನೂ ಇಲ್ಲ! ಖಾಲಿ ಐತಿ!"

ನೋಡಿದೆ. ಒಳಗಿನ ಪುಟ ಪೂರ್ತಿ ಬಂದು ಕೂರುವ ಮೊದಲೇ ಇವನ ಸ್ಕ್ರಿಪ್ಟು ಒಳಗೆ ಕೈ ಹಾಕಿತ್ತು. "ಮಾವಾ, ಲೋಡ್ ಆಗೂತನಾ ತಡೀಬೇಕ. ಬಂದೇನಿ ಅಂತ ಅದು ಹೇಳತೈತಿ, ಆಮ್ಯಾಲೆ ಕೇಳಬೇಕ," ಎಂದೆ. ಅವನ ಹಿಂದೆಯೇ ಬಂದು ಬಾಗಿಲಲ್ಲಿ ನಿಂತಿದ್ದ ಅತ್ತೆ, "ಅನ್ನಾನ ಬಿಟ್ಟಿಲ್ಲ, ಇನ್ನ ಅದನ್ನ ಬಿಡ್ತಾರನ?" ಎಂದು ಬಾಯಿಗೆ ಸೆರಗು ಹಿಡಿದು ನಕ್ಕಳು. ಮಾವ ತಲೆಯಾಡಿಸಿ, ತಡೆಯುವ ಸಾಲೊಂದನ್ನು ಸ್ಕ್ರಿಪ್ಟಿಗೆ ಸೇರಿಸಿಕೊಂಡ. ಅರವತ್ತಾರು ವರ್ಷದಲ್ಲಿ ಅವನು ಮೊದಲ ಸಲ ತಡೆದದ್ದು ಅಂದೇ ಇರಬೇಕು.

ಆಮೇಲೆ ಐದನೆಯ ಚೌಕಟ್ಟು ಬಂತು. ನನ್ನಿಂದ ಮುಚ್ಚಿಟ್ಟುಕೊಂಡೇ ಮಾಡಿದ್ದ, ಅದು ಕೆಲಸ ಮಾಡದಿದ್ದಾಗಷ್ಟೇ ತಂದು ತೋರಿಸಿದ.

ಸವದತ್ತಿಗೆ ಕೊಟ್ಟ ದೊಡ್ಡವ್ವನ ಮಗಳು ಅವ್ವನ ಹೆಸರಿನಲ್ಲಿ ಒಂದು ಪುಟ ನಡೆಸುತ್ತಾಳೆ. "ಇವತ್ತು ನಮ್ಮವ್ವನ ಒಲೆಯ ಮೇಲೆ" ಎಂದು ಅದರ ಹೆಸರು. ದಿನಾ ಬೆಳಗ್ಗೆ ದೊಡ್ಡವ್ವ ಅಂದಿನ ಅಡುಗೆಯನ್ನು ಫೋನಿನಲ್ಲಿ ಹೇಳುತ್ತಾಳೆ, ಮಗಳು ಬರೆದು ಹಾಕುತ್ತಾಳೆ. ಮಾವ ಆ ಪುಟವನ್ನು ತನ್ನ ಪುಟದೊಳಗೆ ತಂದು ಕೂರಿಸಿ, ಚೌಕಟ್ಟಿನ ಎತ್ತರವನ್ನು ಸೊನ್ನೆ ಮಾಡಿಟ್ಟಿದ್ದ! ಅಂದರೆ ಕಣ್ಣಿಗೆ ಕಾಣುವಂತಿಲ್ಲ.

"ಕಾಣದಿದ್ದರ ಯಾಕ ಇಟ್ಟಿ?" ಎಂದೆ.

"ನಾ ನೋಡಂಗಿಲ್ಲ ಅಂತ ಮಾತ ಕೊಟ್ಟೇನಿ. ಸ್ಕ್ರಿಪ್ಟ್ ಏನ ಮಾತ ಕೊಟ್ಟಿಲ್ಲಲ್ಲ? ಅದು ನೋಡಿ, ಓದಿ ಹೇಳತೈತಿ. ನಾ ಬರೇ ಕೇಳತೇನಿ."

ನನಗೆ ನಗು ತಡೆಯಲಾಗಲಿಲ್ಲ. ಅಕ್ಕನ ಅಡುಗೆ ಏನೆಂದು ತಿಳಿಯಲು ಈ ಮನುಷ್ಯ ಒಂದು ಆಳನ್ನೇ ನೇಮಿಸಿಕೊಂಡಿದ್ದಾನೆ! ಆದರೆ ಆಳಿಗೂ ಬಾಗಿಲು ತೆರೆಯಲಿಲ್ಲ. ಬ್ರೌಸರು ಕೆಂಪಕ್ಷರದಲ್ಲಿ ಅಡ್ಡ ನಿಂತಿತು: ಇದು ಬೇರೆ ವಿಳಾಸದಿಂದ ಬಂದ ಪುಟ, ಒಳಗೆ ಕೈ ಹಾಕಲು ನಿನಗೆ ಅನುಮತಿಯಿಲ್ಲ.

ಮಾವನ ಮುಖ ನೋಡಬೇಕಿತ್ತು. ಹೊಸ್ತಿಲಲ್ಲಿ ಅವನನ್ನು ತಡೆದವರು ಈವರೆಗೆ ಹುಟ್ಟಿರಲಿಲ್ಲ! "ನನ್ನ ಪುಟದಾಗ ಬಂದ ಕುಂತೈತಿ, ನಾನಽ ಜಾಗಾ ಕೊಟ್ಟೇನಿ, ನನ್ನ ಮುಂದನ ಬಾಯಿ ಬಿಡವಲ್ದು ಅಂದ್ರ! ಇದ್ಯಾವ ನ್ಯಾಯ?"

"ನಿನ್ನ ಮನಿ ಬಾಡಗಿಗೆ ಕೊಟ್ಟಿ ಅಂದ್ರ ಬಾಡಗಿಯವರ ಟ್ರಂಕ್ ತಗದ ನೋಡ್ತಿ ಏನ ಮಾವಾ?" ಎಂದು ಕೇಳಿದೆ. ತಪ್ಪು ಮನುಷ್ಯನಿಗೆ ತಪ್ಪು ಪ್ರಶ್ನೆ. "ನೋಡ್ತೇನಿ!" ಎಂದ.

ಎರಡು ದಿನ ಹೋರಾಡಿದ. ಕೊನೆಗೆ ಸೋತು ಬಂದು ಕುಳಿತಾಗ, ನನ್ನ ಪಾತ್ರೆಯ ಮುಚ್ಚಳವನ್ನು ಎತ್ತಲಿಲ್ಲ. ನನಗೆ ಗಾಬರಿಯೇ ಆಯಿತು. ಆಗ ಇದ್ದ ಒಂದೇ ದಾರಿ ಹೇಳಿಕೊಟ್ಟೆ. ಹೊರಗೆ ನಿಂತು ಒಳಗಿನ ಪುಟಕ್ಕೆ ಒಂದು ಸಂದೇಶ ಕಳಿಸಬಹುದು. ಒಳಗಿನವರು ಅದನ್ನು ಕೇಳಿಸಿಕೊಳ್ಳಲು ತಮ್ಮ ಕಡೆ ಎರಡು ಸಾಲು ಬರೆದಿಟ್ಟಿದ್ದರೆ ಉತ್ತರ ಬರುತ್ತದೆ.

"ಅಂದ್ರ ಅವರನ್ನ ಕೇಳಬೇಕಂತೀ?"

"ಹೂಂ. ಕೇಳಬೇಕ."

ಮಾವ ಲ್ಯಾಪ್‌ಟಾಪ್ ಮುಚ್ಚಿದ. ಆಮೇಲೆ ಗೋಡೆ ನೋಡುತ್ತ, "ಅಕ್ಕಗ ಎಪ್ಪತ್ತೆರಡಾತು" ಎಂದ. ಅಷ್ಟೇ ಹೇಳಿದ್ದು. ನಾನೇ ಸವದತ್ತಿಗೆ ಫೋನು ಹಚ್ಚಿದೆ. ಅವ್ವನನ್ನು ಕೇಳಿ ಹೇಳುತ್ತೇನೆಂದ ದೊಡ್ಡವ್ವನ ಮಗಳು, ಸಂಜೆಯೇ ತಿರುಗಿ ಫೋನು ಮಾಡಿ, "ಅವ್ವ ಹೇಳಿದ್ದನ್ನ ಹೇಳಿದಂಗ ಬರದೇನಿ. ಮಾವಗ ಈಗ ಕೇಳಾಕ ಹೇಳು," ಎಂದಳು.

ಮಾವ ಕನ್ನಡಕ ಒರೆಸಿಕೊಂಡು ಸಂದೇಶ ಬರೆದ: "ಇವತ್ತೇನ ಅಡಗಿ?" ಗುಂಡಿ ಒತ್ತಿದ. ಉತ್ತರವನ್ನು ಗಟ್ಟಿಯಾಗಿ ಓದಿ ಹೇಳುವ ಏರ್ಪಾಡೂ ಅವನ ಪುಟದಲ್ಲಿತ್ತು. ಯಂತ್ರದ ಹೆಣ್ಣುದನಿ ಒಂದೊಂದೇ ಅಕ್ಷರ ಬಿಡಿಸಿ ಹೇಳಿತು: "ಕೇಳೂದಿದ್ರ ಬಾಗಲಕ್ಕ ಬಂದ ಕೇಳು."

ಮತ್ತೆ ಒತ್ತಿದ. "ಕೇಳೂದಿದ್ರ ಬಾಗಲಕ್ಕ ಬಂದ ಕೇಳು." ಆರು ಸಲ ಒತ್ತಿದ, ಆರು ಸಲವೂ ಅದೇ ಉತ್ತರ. ಏಳನೆಯ ಸಲ ಒತ್ತದೆ ಎದ್ದು ಇಸ್ತ್ರಿಯ ಅಂಗಿ ಹುಡುಕಿದ. ಮರುದಿನ ಭಾನುವಾರ. ಜೊತೆಗೆ ನನ್ನನ್ನೂ ಎಳೆದುಕೊಂಡು ಬಸ್ಸು ಹತ್ತಿದ.

ರಾಮದುರ್ಗದಲ್ಲಿ ದೊಡ್ಡವ್ವನ ಬಾಗಿಲು ತೆರೆದೇ ಇತ್ತು. ಮಗ ಸೊಸೆ ಪೇಟೆಗೆ ಹೋಗಿದ್ದರು. ಮಾವ ಚಪ್ಪಲಿ ಬಿಟ್ಟು, ಹೊಸ್ತಿಲ ಈಚೆ ನಿಂತ. ನಿಲ್ಲುವುದು ಅಭ್ಯಾಸವಿಲ್ಲದವನಿಗೆ ಕೈ ಎಲ್ಲಿಡಬೇಕೆಂದು ತಿಳಿಯದೆ ಬಾಗಿಲ ಚೌಕಟ್ಟು ಹಿಡಿದುಕೊಂಡ.

"ಅಕ್ಕಾ, ಒಳಗ ಬರ್ಲೇನ?"

ಒಳಗೆ ಬಳೆಯ ಸದ್ದಷ್ಟೇ ಕೇಳುತ್ತಿತ್ತು. ನಾನು, "ಕೇಳಿಸಿಲ್ಲ ಕಾಣತೈತಿ, ನಡಿ ಮಾವಾ," ಎಂದು ಕಾಲು ಮುಂದಿಟ್ಟೆ. ಮಾವ ನನ್ನ ರಟ್ಟೆ ಹಿಡಿದು ನಿಲ್ಲಿಸಿದ.

"ತಡಿ. ಲೋಡ್ ಆಗ್ಲಿ."

ಒಂದು ನಿಮಿಷವೋ ಎರಡು ನಿಮಿಷವೋ, ನನಗಂತೂ ಬಹಳ ಹೊತ್ತೆನಿಸಿತು. ಕೊನೆಗೆ ಒಳಗಿನಿಂದ ದನಿ ಬಂತು. "ಹೊರಗ ನಿಂತ ಏನ ಮಾಡ್ತಿ? ಬಾ. ಮುಚ್ಚಳಾ ತಗದ ನೋಡ ಬಾ, ಏನೈತಿ ಅಂತ."

ಮಾವ ಒಳಗೆ ಹೋದ. ನಾನು ಪಡಸಾಲೆಯಲ್ಲೇ ಕುಳಿತೆ. ಮುಚ್ಚಳ ತೆಗೆದ ಸದ್ದಾಯಿತು. ಬರಬೇಕಾದ ತೀರ್ಪು ಬರಲಿಲ್ಲ. ಇಬ್ಬರೂ ಏನೋ ಮೆಲ್ಲಗೆ ಮಾತಾಡಿಕೊಂಡರು, ಒಬ್ಬರು ಮೂಗು ಸೀಟಿದರು.

ಆಮೇಲೆ ದೊಡ್ಡವ್ವ ತಾಟು ತಂದಳು. ತಾಟಿನ ತುಂಬ ಬೇಸನ್ ಉಂಡೆ! ಒಂದರಂತೆ ಇನ್ನೊಂದು, ಅಳೆದು ಕಟ್ಟಿದಂತೆ ದುಂಡಗೆ. "ತಿನ್ನವಾ. ಕೇಳಾಕ ಇಂವ ಬಂದ ಬರತಾನಂತ ನಿನ್ನಿ ಕುಂತ ನಾನಽ ಕಟ್ಟೇನಿ," ಎಂದಳು. ತಾಟನ್ನು ಎರಡೂ ಅಂಗೈಗಳ ಮೇಲೆ ಹೊತ್ತು ತಂದಿದ್ದಳು. ಬೆರಳುಗಳು ಗೆಣ್ಣು ಗೆಣ್ಣಿಗೆ ಬಾತಿದ್ದವು, ಮಡಚುತ್ತಿರಲಿಲ್ಲ. ಆ ಕೈಯಲ್ಲಿ ಉಂಡೆ ಕಟ್ಟಲು ಸಾಧ್ಯವೇ ಇರಲಿಲ್ಲ. ಏಳು ವರ್ಷದ ಹಿಂದೆಯೂ ಇರಲಿಲ್ಲವೇನೋ! ಬೀಗರಾಗುವವರ ಮುಂದೆ ಅವಳು ಮುಚ್ಚಿಟ್ಟದ್ದು ಅಂಗಡಿಯ ಡಬ್ಬಿಯನ್ನಲ್ಲ, ಈ ಬೆರಳುಗಳನ್ನು.

ಹಿಂದೆಯೇ ಬಂದ ಮಾವನನ್ನು ನೋಡಿದೆ. ಅವನು ನನ್ನ ಕಣ್ಣು ತಪ್ಪಿಸಲಿಲ್ಲ.

"ಹೂಂ, ಖರೇನ. ನಮ್ಮಕ್ಕನ ಕೈಲೆ ಕಟ್ಟಿದ್ದು," ಎಂದ. "ನಾ ಸ್ವತಃ ನೋಡೇನಿ."

ಸಂಜೆಯ ಬಸ್ಸಿನಲ್ಲಿ ಮಾವ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದ. ಯರಗಟ್ಟಿ ದಾಟುವಾಗ ಬಸ್ಸು ಕುಲುಕಿದ್ದಕ್ಕೆ ಚೀಲದ ಬಾಯಿ ಸರಿದು, ರಟ್ಟಿನ ಡಬ್ಬಿಯೊಂದರ ಮೂಲೆ ಇಣುಕಿತು. ಏಳು ವರ್ಷದ ಹಿಂದಿನ ಅದೇ ಅಂಗಡಿಯ ಹೆಸರು. ಅಕ್ಕನ ಮನೆಯಲ್ಲಿ ಇನ್ಯಾರ ಕಣ್ಣಿಗೂ ಬೀಳದಿರಲೆಂದು ಆ ಖಾಲಿ ಡಬ್ಬಿಯನ್ನು ಅಲ್ಲಿಂದ ಹೊತ್ತು ತಂದಿದ್ದ. ಅವನ ಮೇಲೆ ನನಗೆ ಅಂದು ಬಂದಷ್ಟು ಪ್ರೀತಿ ಎಂದೂ ಬಂದಿರಲಿಲ್ಲ. ಆದರೂ ಕೆಣಕದಿರಲು ಮನಸ್ಸಾಗಲಿಲ್ಲ.

"ಮಾವಾ, ಚೀಲದಾಗ ಏನೈತಿ?"

ಮಾವ ಚೀಲದ ಬಾಯಿ ಬಿಗಿದು ಎದೆಗೊತ್ತಿಕೊಂಡ.

"ಅದು ನಮ್ಮಕ್ಕನ ಅಡಗಿಮನಿ ವಿಷಯ. ನಿನಗ್ಯಾಕ?"