ಎದುರಾಳಿ ಬೇಕಾಗಿದ್ದಾನೆ

ಹೊಡೆಸಿಕೊಳ್ಳುವುದಕ್ಕೂ ಯೋಗ ಬೇಕು ಮಾರಾಯ್ರೆ. ತೊಂಬತ್ತರ ದಶಕದಲ್ಲಿ ಶಿರಸಿಯಲ್ಲಿ ಬಾಕ್ಸರ್ ಆಗುತ್ತೇನೆಂದು ಹೊರಟಾಗ ನನಗಿದು ಗೊತ್ತಿರಲಿಲ್ಲ. ಗ್ಲೌಸ್ ಹಾಕಿಕೊಂಡು ನಿಂತರೆ ಸಾಕು, ಹೊಡೆಯಲು ಜನ ತಾವಾಗಿಯೇ ಬರುತ್ತಾರೆ ಅಂದುಕೊಂಡಿದ್ದೆ. ಆದರೆ ಎದುರಾಳಿ ನಮ್ಮದೇ ತೂಕದವನಾಗಿರಬೇಕಂತೆ. ನಾನೋ ನಲವತ್ತೆಂಟು ಕಿಲೋ, ಅದೂ ಊಟವಾದ ಮೇಲೆ. ನಮ್ಮ ವ್ಯಾಯಾಮಶಾಲೆಗೆ ಬರುತ್ತಿದ್ದವರೆಲ್ಲ ಲಾರಿಗೆ ಮೂಟೆ ಹೇರುವ ಗಟ್ಟಿ ಆಸಾಮಿಗಳು. ಸಿದ್ದಾಪುರದಲ್ಲಿ ಒಬ್ಬನಿದ್ದಾನೆಂದು ಬಸ್ಸು ಹತ್ತಿ ಹೋದರೆ, ಅವನು ಆಗಲೇ ಬಾಕ್ಸಿಂಗ್ ಬಿಟ್ಟು ತಬಲಾ ಕಲಿಯುತ್ತಿದ್ದ. ಯಾವ ಸಣಕಲ ಕಂಡರೂ ಇವನ ತೂಕ ಎಷ್ಟಿರಬಹುದು ಅಂತ ಜೀವ ಚಡಪಡಿಸುತ್ತಿತ್ತು. ಒಮ್ಮೆ ಮದುವೆಮನೆಯ ಪಂಕ್ತಿಯಲ್ಲಿ ಪಕ್ಕದವನನ್ನು ಕೇಳಿಯೂ ಬಿಟ್ಟೆ. ಅವನು ಮಜ್ಜಿಗೆಗೂ ಕಾಯದೆ ಎದ್ದುಹೋದ.

ಕೊನೆಗೆ ಹಾವೇರಿ ಕಡೆಯವರಾದ ನಮ್ಮ ಕೋಚ್ ಒಬ್ಬನನ್ನು ಹುಡುಕಿದರು. "ಯಲ್ಲಾಪುರದಾಗ ರಫೀಕ್ ಅಂತ ಅದಾನ. ನಿನ್ನಷ್ಟ ತೂಕ. ಪಾಪ, ಅವಂಗೂ ಯಾರೂ ಸಿಕ್ಕಿಲ್ಲ." ಭಾನುವಾರ ಶಿರಸಿಯಲ್ಲಿ ಪಂದ್ಯ. ರಫೀಕನ ಅಪ್ಪನ ಲಾರಿ ಶನಿವಾರವೇ ಶಿರಸಿಗೆ ಬರುವುದಿತ್ತು. ಹಾಗಾಗಿ ಅವನು ರಾತ್ರಿ ಉಳಿದುಕೊಳ್ಳಲೆಂದು ಮಧ್ಯಾಹ್ನದ ಹೊತ್ತಿಗೇ ನಮ್ಮನೆಗೆ ಬಂದಿಳಿದ. ತೂಕ ಏರದಿರಲೆಂದು ನಾನು ಗಂಜಿಯಲ್ಲೇ ದಿನ ದೂಡುತ್ತಿದ್ದೆ. ಆಯಿ, ಅಂದರೆ ನನ್ನಮ್ಮ, ಮಾತ್ರ ಅವನ ಕಡ್ಡಿಯಂಥ ತೋಳು ನೋಡಿ ಕಂಗಾಲಾದಳು. "ಹೊಡೆದಾಡಲೆ ಹೋಪ ಮಾಣಿ, ಹೊಟ್ಟೆ ಖಾಲಿ ಇದ್ರೆ ಹ್ಯಾಂಗೆ?" ಅಂತ ಹೋಳಿಗೆ ಬಡಿಸಿದಳು, ಮೇಲೆ ತುಪ್ಪ. ರಫೀಕ್ "ಸಾಕು ಆಯಿ" ಅಂದ. ನಮ್ಮ ಕಡೆ ಒಂದೇ ಸಲ ಸಾಕು ಅಂದರೆ ಇನ್ನೆರಡು ಹಾಕಿ ಅಂತಲೇ ಲೆಕ್ಕ. ಎಲೆಯ ಮೇಲೆ ಕೈ ಅಡ್ಡ ಇಟ್ಟು ಮೈಯೆಲ್ಲ ಬಗ್ಗಿಸಿ ತಡೆಯಬೇಕು. ಅದು ಅವನಿಗೇನು ಗೊತ್ತು? ಬಡಿಸಿದ್ದನ್ನು ಬಿಡಬಾರದೆಂದು ಅವನ ಮನೆಯಲ್ಲಿ ಕಲಿಸಿದ್ದರು. ಆಯಿ ಹಾಕುತ್ತಲೇ ಹೋದಳು, ಅವನು ತಿನ್ನುತ್ತಲೇ ಹೋದ.

ಮರುದಿನ ತೂಕ ನೋಡಿದವರು ತಲೆಯಾಡಿಸಿದರು. "ಇವ ಮ್ಯಾಲಿನ ತೂಕದ ಗುಂಪಿಗೆ ಹೋದ್ನಲ್ರಿ!" ರಫೀಕನ ಮುಖ ಸಪ್ಪೆಯಾಯಿತು. "ತಪ್ಪು ತಿಳೀಬೇಡ ಭಾಯ್. ಆಯಿ ಅಷ್ಟು ಪ್ರೀತಿಯಿಂದ ಬಡಿಸ್ತಿದ್ರೆ ಹೆಂಗೆ ಬೇಡ ಅನ್ಲಿ?" ನನಗೆ ಅಳುವೇ ಬಂತು. ಅಷ್ಟರಲ್ಲಿ ಮೇಲಿನ ಗುಂಪಿನಲ್ಲೂ ಒಬ್ಬ ಎದುರಾಳಿಯಿಲ್ಲದೆ ಕೂತಿರುವುದು ಗೊತ್ತಾಯಿತು. ಅವನ ಜೊತೆ ರಫೀಕನನ್ನು ಬಿಟ್ಟರು. ರಫೀಕ್ ಗೆದ್ದ. ನಾನು ಟವೆಲ್ ಹಿಡಿದುಕೊಂಡು ನಿಂತಿದ್ದೆ. ಮನೆಗೆ ಬಂದು ಹೇಳಿದರೆ ಆಯಿಗೆ ಎಲ್ಲಿಲ್ಲದ ಸಂಭ್ರಮ. "ಹೌದನಾ? ಎಂಗಳ ಮನೇಲಿ ಉಂಡ ಮಾಣಿ!"

ಆ ಸಿಟ್ಟಿಗೆ ನಾನೂ ತಿಂದೆ. ಗೆದ್ದ ಮೇಲೆ ರಫೀಕ್ ಮೇಲಿನ ಗುಂಪಿನಲ್ಲೇ ಉಳಿದಿದ್ದ. ತಿಂಗಳುಗಟ್ಟಲೆ ಹಟ ಹಿಡಿದು ತಿಂದು ನಾನೂ ಆ ತೂಕಕ್ಕೆ ಬಂದೆ. ಯಲ್ಲಾಪುರಕ್ಕೆ ಹೋಗಿ ಅವನ ಕೋಚ್ ಮುಂದೆ ಎದೆ ಸೆಟೆಸಿ ನಿಂತೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ನೀವು ಎಷ್ಟು ಪಂದ್ಯ ಆಡೀರಿ?" ಅಂದರು. ಒಂದೂ ಇಲ್ಲ ಅಂದೆ. "ರಫೀಕ್ ಈಗ ಗೆದ್ದಾಂವ. ಹೊಸಬರ ಜೋಡಿ ಆಡಸೂದಿಲ್ರಿ. ಎಲ್ಲ್ಯಾರ ಒಂದೆರಡು ಪಂದ್ಯ ಆಡ್ಕೊಂಡು ಬರ್ರಿ."

ಎಲ್ಲಿ ಆಡಿಕೊಂಡು ಬರಲಿ? ಹೀಗೆ, ಬಾಕ್ಸಿಂಗಿನಲ್ಲಿ ನನ್ನನ್ನು ಇಂದಿನವರೆಗೆ ಯಾರೂ ಸೋಲಿಸಿಲ್ಲ. ಹಾಗಂತ ಹೇಳಿದರೆ ಜನ ಗೌರವದಿಂದ ನೋಡುತ್ತಾರೆ, ನಾನೂ ಸುಮ್ಮನಿರುತ್ತೇನೆ. ಒಂದೇ ಒಂದು ಸಲ, ಸರಿಯಾಗಿ ಹೊಡೆಸಿಕೊಂಡು ಸೋಲಬೇಕಿತ್ತು ನೋಡಿ.