ನನ್ನ ಕಣ್ಣು ತಪ್ಪಿಸಿದ ಬಿರುಕು

ವಯಸ್ಸಾದ ವಿಮಾನಗಳ ಮೈಯಲ್ಲಿ ಬಿರುಕು ಹುಡುಕುವುದು ನನ್ನ ಕೆಲಸವಾಗಿತ್ತು. ತೊಂಬತ್ತರ ದಶಕದ ಮಾತು. ವಾರವೆಲ್ಲ ಬೆಂಗಳೂರಿನ ವಿಮಾನದ ಶೆಡ್ಡು, ಶನಿವಾರ ಸಂಜೆಗೆ ಮೈಸೂರಿನ ಕುವೆಂಪುನಗರದ ಮನೆ. ನಾನು ಸಹಿ ಹಾಕದೆ ವಿಮಾನ ಮೇಲೇಳುತ್ತಿರಲಿಲ್ಲ. ಅದೇ ಜಂಬದಲ್ಲಿ, "ನನ್ನ ಕಣ್ಣು ತಪ್ಪಿಸೋ ಬಿರುಕು ಇನ್ನೂ ಹುಟ್ಟಿಲ್ಲ" ಎಂದು ಕಂಡಕಂಡವರಿಗೆ ಹೇಳುತ್ತಿದ್ದೆ. ಹಾಗೆ ಹೇಳಿದಾಗಲೆಲ್ಲ ಮಾನ ಹೋಗುವಂಥದ್ದೊಂದು ನಡೆದೇ ನಡೆಯುತ್ತಿತ್ತು.

ಗೋಡೆ

ತಮ್ಮನಿಗೆ ಹೆಣ್ಣು ನೋಡಲು ಇಲವಾಲಕ್ಕೆ ಹೋಗಿದ್ದೆವು. ವಿಮಾನದ ಮೈಯನ್ನು ನಾಣ್ಯದಿಂದ ತಟ್ಟಿ, ಒಳಗಿನ ಪದರ ಬಿಟ್ಟುಕೊಂಡಿದೆಯೇ ಎಂದು ಸದ್ದಿನಲ್ಲೇ ತಿಳಿಯುವುದುಂಟು. ಅವತ್ತು ಕಾಫಿ ತಡವಾಯಿತು. ಕೈ ಸುಮ್ಮನಿರಬೇಕಲ್ಲ, ಎಂಟಾಣೆ ತೆಗೆದು ಬೆನ್ನ ಹಿಂದಿನ ಗೋಡೆ ತಟ್ಟತೊಡಗಿತು. ಒಂದು ಕಡೆ 'ಡಬ್' ಎಂದಿತು. "ಇದು ಒಳಗೆಲ್ಲ ಟೊಳ್ಳು" ಎಂದುಬಿಟ್ಟೆ. ಹುಡುಗಿ ಆಗತಾನೇ ಬಂದು ಕೈ ಮುಗಿಯುತ್ತಿದ್ದಳು.

ಅವರಪ್ಪ ಕೇಳಿದರು: "ಸ್ವಾಮಿ, ಹೆಣ್ಣು ನೋಡೋಕ್ ಬಂದ್ರೋ, ಮನೆ ಕೊಂಡ್ಕೊಳ್ಳೋಕೋ? ಮೊದ್ಲು ಅದನ್ ಹೇಳ್ಬುಡಿ."

ವಾಪಸು ಬರುವಾಗ ಬಸ್ಸು ಖಾಲಿಯಿತ್ತು. ತಮ್ಮ ನಿಂತುಕೊಂಡೇ ಬಂದ.

ಕೊಡ

ಅಮ್ಮನ ಸ್ಟೀಲ್ ಕೊಡ ಸೋರುತ್ತಿತ್ತು. ಕೆಲಸದ ಜಾಗದಿಂದ ಕದ್ದು ತಂದಿದ್ದ ಕೆಂಪು ಬಣ್ಣ ಬಳಿದು, ಒರೆಸಿ, ಮೇಲೆ ಬಿಳಿ ಪುಡಿ ಹಾಕಿ ಕಾಂಪೌಂಡಿನ ಮೇಲಿಟ್ಟೆ. ಬಿರುಕಿನೊಳಗೆ ಉಳಿದ ಬಣ್ಣ ಹೊರಗೆ ಜಿನುಗಿ ಗೆರೆಯಾಗಿ ಕಾಣುತ್ತದೆ. ಸ್ನಾನ ಮುಗಿಸಿ ಬಂದರೆ, ಬೆಳ್ಳಗಿನ ಕೊಡಕ್ಕೆ ನಾಮವಿಟ್ಟ ಹಾಗೆ ಉದ್ದನೆಯ ಕೆಂಪು ಗೆರೆ. ಮುಂದೆ ಎರಡು ದಾಸವಾಳ! ಹಿಂದಿನ ಬೀದಿಯ ಅಜ್ಜಿಯೊಬ್ಬರು ಕಣ್ಣು ಮುಚ್ಚಿ ಕೈ ಮುಗಿದು ನಿಂತಿದ್ದರು. ಅವರು ನನ್ನನ್ನೇ ಪೂಜಾರಿ ಎಂದುಕೊಂಡು ತೀರ್ಥ ಕೇಳಿದರು.

"ಕೊಡಪ್ಪಾ," ಎಂದರು ಅಮ್ಮ ಒಳಗಿನಿಂದ, "ಹೆಂಗೂ ಸೋರ್ತಾ ಐತಲ್ಲ."

ಭೂತಗನ್ನಡಿ

ಇದನ್ನು ನೆನೆದರೆ ಈಗಲೂ ತಲೆ ತಗ್ಗುತ್ತದೆ. ಒಂದು ಸೋಮವಾರ, ಸಂಜೆಗೆ ಹೊರಡಬೇಕಾದ ವಿಮಾನದ ಕಿಟಕಿಯ ಮೂಲೆಗೆ, ಊರಿಂದ ಚೀಲದಲ್ಲಿ ವಾಪಸು ತಂದಿದ್ದ ಭೂತಗನ್ನಡಿ ಹಿಡಿದೆ. ಕೂದಲೆಳೆಯಂಥ ಬಿರುಕು! ಪಕ್ಕದ ಕಿಟಕಿಯಲ್ಲೂ ಇತ್ತು. ಅದರ ಪಕ್ಕದಲ್ಲೂ. ಹನ್ನೊಂದು ಕಿಟಕಿಗೆ ಪೆನ್ಸಿಲಿನಲ್ಲಿ ಸುತ್ತು ಹಾಕಿ, "ಹಾರಿಸಕೂಡದು" ಎಂದು ಬರೆದುಕೊಟ್ಟೆ. ವಿಮಾನ ಹೊರಡುವುದಿಲ್ಲವೆಂದು ಪ್ರಯಾಣಿಕರಿಗೆಲ್ಲ ಸುದ್ದಿ ಹೋಯಿತು. ಇಷ್ಟು ಜನರ ಜೀವ ಉಳಿಸಿದೆನೆಂದು ಎದೆಯುಬ್ಬಿಸಿ ನಿಂತೆ.

ದೊಡ್ಡ ಸಾಹೇಬರು ಬಂದರು. "ಎಲ್ಲಾ ಕಿಟಕೀಲೂ ಒಂದೇ ಉದ್ದ, ಒಂದೇ ಓರೆ. ಅದೆಂಗ್ರೀ?" ಎಂದು ನನ್ನ ಭೂತಗನ್ನಡಿ ಇಸಿದುಕೊಂಡರು. ವಿಮಾನ ನೋಡಿದರು. ಆಮೇಲೆ ತಮ್ಮ ಅಂಗೈ ನೋಡಿಕೊಂಡರು.

"ನನ್ನ ಕೈಲೂ ಐತೆ ಕಣ್ರೀ ಅದೇ ಬಿರುಕು. ನನಗೂ ಒಂದು ಸುತ್ತು ಹಾಕ್ಬುಡಿ."

ಶೆಡ್ಡಿಗೆ ಶೆಡ್ಡೇ ನಕ್ಕಿತು. ಬಿರುಕು ಬಿಟ್ಟಿದ್ದು ನನ್ನ ಭೂತಗನ್ನಡಿಯ ಗಾಜು. ನಾನು ಒರೆಸಿಯೂ ನೋಡಿರಲಿಲ್ಲ.

ಶನಿವಾರ ಮನೆಗೆ ಬಂದು ಅಮ್ಮನ ಮುಂದೆ ಗೋಳು ಹೇಳಿಕೊಂಡೆ. ಅಮ್ಮ ಅಕ್ಕಿ ಆರಿಸುತ್ತಿದ್ದವರು ತಲೆಯೆತ್ತಲಿಲ್ಲ.

"ಹೋದ ಭಾನುವಾರ ಪಂಚಾಂಗ ನೋಡೋವಾಗ ನನ್ನ ಕೈಯಿಂದ್ಲೇ ಬಿತ್ತು ಕಣೋ ಆ ಭೂತಗನ್ನಡಿ."

"ಹೇಳಬಾರದಿತ್ತೇನಮ್ಮಾ?"

"ನಿನ್ನ ಕಣ್ಣು ತಪ್ಪಿಸೋ ಬಿರುಕು ಇನ್ನೂ ಹುಟ್ಟಿಲ್ಲ ಅಂತಿದ್ಯಲ್ಲಪ್ಪಾ," ಎಂದರು ಅಮ್ಮ, "ನೀನೇ ಕಂಡುಹಿಡೀತೀಯ ಅಂತ ಸುಮ್ನಿದ್ದೆ."