ರಕ್ತ ತೆಗೆಯುವವಳಿಗೆ ಬಂದ ನಡುಕ

ಮೈಸೂರಿನ ಒಂಟಿಕೊಪ್ಪಲಿನಲ್ಲಿ ಡಾಕ್ಟರೊಬ್ಬರ ಕ್ಲಿನಿಕ್ಕಿಗೆ ಅಂಟಿಕೊಂಡಿದ್ದ ಲ್ಯಾಬಿನಲ್ಲಿ ನಾನು ಹದಿನೆಂಟು ವರ್ಷ ರಕ್ತ ತೆಗೆದೆ. ಬರುತ್ತಿದ್ದವರಲ್ಲಿ ಮುಕ್ಕಾಲು ಪಾಲು ಸಕ್ಕರೆ ಕಾಯಿಲೆಯವರು. ಇಂಥ ಕಡೆ ವಾರಕ್ಕೊಂದಾದರೂ ಪ್ರಸಂಗ ನಡೆಯದೆ ಇರುವುದಿಲ್ಲ. ಆದರೆ ಒಂದು ಮಾತು: ನಗು ಬರುತ್ತಿದ್ದದ್ದು ಆಮೇಲೆ. ಮೊದಲು ಕೈಕಾಲು ನಡುಗುತ್ತಿತ್ತು.

ಎರಡು ದಿನದ ಪಥ್ಯ

ನಾನು ಕೆಲಸಕ್ಕೆ ಸೇರಿದ ಹೊಸದು, ತೊಂಬತ್ತರ ದಶಕದ ಮೊದಮೊದಲು. ಬಟ್ಟೆ ಅಂಗಡಿ ಯಜಮಾನರೊಬ್ಬರು ಮೂರು ತಿಂಗಳಿಗೊಮ್ಮೆ ಪರೀಕ್ಷೆಗೆ ಬರುತ್ತಿದ್ದರು. ಹಣೆ ತುಂಬ ವಿಭೂತಿ, ಕಂಚಿನಂಥ ಗಂಟಲು. ಅವರ ರಿಪೋರ್ಟು ಯಾವಾಗಲೂ ಚೊಕ್ಕ. ಆದರೆ ಮನುಷ್ಯ ಮಾತ್ರ ಇಳಿದುಹೋಗುತ್ತಿದ್ದರು, ಕಣ್ಣು ಬೇರೆ ಮಂಜು. ಡಾಕ್ಟರಿಗೆ ಇದು ಬಗೆಹರಿಯದ ಒಗಟು.

ಒಂದು ಬೆಳಿಗ್ಗೆ ಅವರ ತೋಳಿಗೆ ರಬ್ಬರ್ ಪಟ್ಟಿ ಕಟ್ಟಿದ್ದೆ ಅಷ್ಟೆ, ಇನ್ನೂ ಸೂಜಿ ಚುಚ್ಚಿರಲಿಲ್ಲ. ಮೈಯೆಲ್ಲ ಬೆವರಿಳಿದು ಸ್ಟೂಲಿನ ಮೇಲಿಂದ ಜಾರಿ ನನ್ನ ಮೇಲೇ ವಾಲಿದರು. "ಡಾಕ್ಟ್ರೇ!" ಎಂದು ನಾನು ಕಿರುಚಿದ್ದು ರಸ್ತೆಗೆಲ್ಲ ಕೇಳಿತಂತೆ. ಡಾಕ್ಟರು ಓಡಿಬಂದು ಗ್ಲೂಕೋಸ್ ನೀರು ಕುಡಿಸಿದರು. ಚೇತರಿಸಿಕೊಂಡ ಮೇಲೆ ಸತ್ಯ ಹೊರಬಿತ್ತು. ಪರೀಕ್ಷೆಗೆ ಮುಂಚೆ ಎರಡು ದಿನ ಬರೀ ಹಾಗಲಕಾಯಿ ರಸ, ಮೆಂತ್ಯದ ನೀರು, ಮೇಲೆ ಕುಕ್ಕರಹಳ್ಳಿ ಕೆರೆ ಸುತ್ತು. ರಕ್ತ ಕೊಟ್ಟ ತಕ್ಷಣ ನೆಟ್ಟಗೆ ಹೋಟೆಲಿಗೆ, ಕೇಸರಿಬಾತಿಗೆ.

"ಯಾರಿಗೆ ಮೋಸ ಮಾಡ್ತಿದ್ದೀರಿ ಸ್ವಾಮಿ?" ಎಂದರು ಡಾಕ್ಟರು.

ಆ ಗಂಟಲು ಅವತ್ತು ಸಣ್ಣಗಾಯಿತು. "ಹೆದರಿಕೆ ಡಾಕ್ಟ್ರೇ. ನಮ್ಮಣ್ಣನ ಕಾಲು ಕತ್ತರಿಸಿದ್ದನ್ನ ನೋಡ್ಬುಟ್ಟಿದ್ದೀನಿ. ರಿಪೋರ್ಟಲ್ಲಿ ಚೆನ್ನಾಗಿದೆ ಅಂತ ಬರೆದಿದ್ರೆ ಮೂರು ತಿಂಗಳು ನಿದ್ದೆ ಬರುತ್ತೆ."

ಡಾಕ್ಟರು ಹಳೆಯ ರಿಪೋರ್ಟುಗಳನ್ನೆಲ್ಲ ಮಡಚಿ ಪಕ್ಕಕ್ಕಿಟ್ಟರು. ಆಮೇಲೆ, "ಇನ್ನು ಮುಂದೆ ದಿನ ಗೊತ್ತುಮಾಡಿ ಪರೀಕ್ಷೆ ಇಲ್ಲ. ಈ ಹುಡುಗಿ ನಿಮ್ಮ ಅಂಗಡಿಗೇ ಬರ್ತಾಳೆ. ಯಾವತ್ತು ಅಂತ ಹೇಳಲ್ಲ" ಎಂದರು.

ಅದಾದ ಹದಿನೈದು ದಿನಕ್ಕೆ ನಾನು ರವಿಕೆ ಕಣ ತರಲೆಂದು ಅವರ ಅಂಗಡಿಗೆ ಹೋದೆ. ನನ್ನನ್ನು ಕಂಡದ್ದೇ ಯಜಮಾನರು ಬಾಯಲ್ಲಿದ್ದದ್ದನ್ನು ಗುಳುಂ ಎಂದು ನುಂಗಿ, ಗಿರಾಕಿಗಳೆಲ್ಲ ನೋಡುತ್ತಿದ್ದಂತೆ, ಅಂಗಿಯ ತೋಳು ಮಡಚಿ ಕೈಯನ್ನು ಗಲ್ಲಾದ ಮೇಲೆ ಚಾಚಿಬಿಟ್ಟರು!

ಒಂಟಿ ಚಪ್ಪಲಿ

ಅದಾಗಿ ಆರೇಳು ವರ್ಷದ ಮೇಲಿನ ಮಾತು. ಚಾಮರಾಜಪುರಂ ಕಡೆಯ ಹಿರಿಯ ಹೆಂಗಸೊಬ್ಬರು ಗಂಡನ ಜೊತೆ ಬಂದರು. ಆ ಯಜಮಾನರ ತಂದೆ, ತಾತ ಎಲ್ಲ ಅರಮನೆ ಚಾಕರಿಯವರು. ಆ ಠೀವಿ ಇವರಿಗೂ ಇತ್ತು, ಬೆನ್ನು ಬಾಗಿಸಿದ್ದನ್ನು ಯಾರೂ ಕಂಡಿರಲಿಲ್ಲ. ಹೆಂಡತಿಗಿಂತ ನಾಲ್ಕು ಹೆಜ್ಜೆ ಮುಂದೆಯೇ ನಡೆಯುವರು.

"ಅಮ್ಮಾ, ಇನ್ನೊಂದು ಚಪ್ಪಲಿ ಎಲ್ಲಿ?" ಎಂದೆ.

ಆಕೆ ಬಗ್ಗಿ ನೋಡಿಕೊಂಡರು. ಬಲಗಾಲು ಬರಿಗಾಲು. "ಅಯ್ಯೋ, ಯಾವಾಗ ಬಿತ್ತೋ!" ಎಂದು ನಕ್ಕರು. ನಾನೂ ನಕ್ಕೆ. ಆಗ ನೆಲದ ಮೇಲೆ ಕಣ್ಣು ಹೋಯಿತು. ಬಾಗಿಲಿಂದ ಬೆಂಚಿನವರೆಗೂ ರಕ್ತದ ಹೆಜ್ಜೆ. ಹಿಮ್ಮಡಿಯಲ್ಲಿ ಒಂದು ಗಾಜಿನ ಚೂರು ಕೂತಿತ್ತು. ಆಕೆಗೆ ಚಪ್ಪಲಿ ಜಾರಿದ್ದೂ ಗೊತ್ತಾಗಿರಲಿಲ್ಲ, ಗಾಜು ಹೊಕ್ಕಿದ್ದೂ ಗೊತ್ತಾಗಿರಲಿಲ್ಲ. ದಿನಾ ರಕ್ತ ನೋಡುವ ನಾನೇ ಅವತ್ತು ಗಾಬರಿಯಾಗಿ ಡಾಕ್ಟರನ್ನು ಕರೆಯಲು ಓಡಿದೆ. ಯಜಮಾನರ ಮುಖ ಬಿಳುಚಿಕೊಂಡಿತು.

ಡಾಕ್ಟರು ಗಾಯ ಕಟ್ಟಿ ಯಜಮಾನರಿಗೆ ಹೇಳಿದರು: "ಸಕ್ಕರೆ ಕಾಯಿಲೆಯಿಂದ ಇವರ ಕಾಲಿಗೆ ಸ್ಪರ್ಶವೇ ಹೋಗಿದೆ. ದಿನಾ ಪಾದ ನೋಡ್ಬೇಕು. ಬೆರಳ ಸಂದಿ, ಹಿಮ್ಮಡಿ, ಎಲ್ಲಾ. ಇವರಿಗೆ ಬಗ್ಗೋಕಾಗಲ್ಲ. ನೀವೇ ನೋಡ್ಬೇಕು."

ಗಾಯ ಮಾಯುವುದಕ್ಕೆ ಎರಡು ತಿಂಗಳು ಹಿಡಿಯಿತು. ಕೊನೆಯ ಸಲ ಆಕೆ ಬಂದಾಗ, "ಯಜಮಾನ್ರು ಕಾಲು ನೋಡ್ತಾರಾ ಅಮ್ಮ?" ಎಂದು ಮೆಲ್ಲಗೆ ಕೇಳಿದೆ.

ಆಕೆ ನನ್ನ ಕಿವಿಯ ಹತ್ತಿರ ಬಂದರು. "ದಿನಾ ಸಂಜೆ ದೇವರಿಗೆ ದೀಪ ಹಚ್ಚಿದ ಮೇಲೆ, ಕನ್ನಡಕ ಹಾಕ್ಕೊಂಡು, ನೆಲದ ಮೇಲೆ ಕೂತು ನನ್ನ ಕಾಲು ಹಿಡೀತಾರೆ ಕಣಮ್ಮ. ಇದನ್ನ ನೋಡೋಕೆ ನಮ್ಮತ್ತೆ ಇರ್ಬೇಕಿತ್ತು!"

ಮದುವೆ ಮನೆಯ ಜಾಮೂನು

ಇದು ನಮ್ಮ ಮನೆಯದೇ ಕಥೆ, ಎರಡು ಸಾವಿರದ ಇಸವಿಯ ಆಚೆಗೆ. ವಿಜಯನಗರದ ಒಂದು ಛತ್ರದಲ್ಲಿ ನೆಂಟರ ಮದುವೆ. ನಮ್ಮ ಭಾವ ಬೆಳಿಗ್ಗೆ ಇನ್ಸುಲಿನ್ ಚುಚ್ಚಿಕೊಂಡು ಬಂದಿದ್ದರು. ಅವರು ಬರುವಷ್ಟರಲ್ಲಿ ತಿಂಡಿ ಮುಗಿದುಹೋಗಿತ್ತು, ಮುಹೂರ್ತ ತಡ, ಊಟ ಇನ್ನೂ ತಡ. ನಾನು ನೋಡುವಷ್ಟರಲ್ಲಿ ಭಾವ ಮೂರನೇ ಸಾಲಿನ ಕುರ್ಚಿಯಲ್ಲಿ ಒಂದೇ ಸಮನೆ ಆಕಳಿಸುತ್ತಿದ್ದಾರೆ. ಅಂಗಿ ಒದ್ದೆ, ಕೈ ನಡುಕ. "ಭಾವ, ನಾನ್ಯಾರು?" ಎಂದೆ. "ಮೈಸೂರು ಬಸ್ಸು ಎಷ್ಟೊತ್ತಿಗೆ?" ಎಂದರು. ನಾವಿದ್ದದ್ದೇ ಮೈಸೂರಿನಲ್ಲಿ!

ನನ್ನ ಎದೆ ಧಸಕ್ಕೆಂದಿತು. ಸಕ್ಕರೆ ಪೂರ್ತಿ ಇಳಿದುಬಿಟ್ಟಿದೆ, ಇನ್ನು ಸ್ವಲ್ಪ ತಡವಾದರೆ ಪ್ರಜ್ಞೆ ಹೋಗುತ್ತದೆ. ಅಡುಗೆಮನೆಗೆ ಓಡಿ ಜಾಮೂನಿನ ಪಾಕವನ್ನು ಒಂದು ಲೋಟಕ್ಕೆ ಬಗ್ಗಿಸಿಕೊಂಡು ಬಂದೆ. ನಮ್ಮಕ್ಕ ನನ್ನ ಕೈ ಹಿಡಿದೆಳೆದಳು. "ಶುಗರ್ ಇರೋರಿಗೆ ಪಾಕ ಕುಡಿಸ್ತೀಯೇನೇ! ನನ್ನ ತಾಳಿ ಮೇಲೆ ಕಣ್ಣು ಬಿತ್ತಾ ನಿಂಗೆ!" ಸೋದರತ್ತೆ ನನ್ನ ಸೊಂಟ ಹಿಡಿದರು. ಯಾರೋ "ಹಿಡ್ಕೊಳ್ರೀ ಅವಳನ್ನ!" ಎಂದು ಕೂಗಿದರು. ಆ ಕೂಗನ್ನು ವಾದ್ಯದವರು ಗಟ್ಟಿಮೇಳದ ಕರೆಯೆಂದುಕೊಂಡು ಬಾರಿಸಿಯೇ ಬಿಟ್ಟರು. ಅಕ್ಷತೆ ಕಾಳು ನಮ್ಮ ತಲೆಯ ಮೇಲೆ ಬಿತ್ತು. ಆ ಗದ್ದಲದಲ್ಲಿ ಅಕ್ಕನ ಹಿಡಿತ ಸಡಿಲಾಯಿತು. ಭಾವನಿಗೆ ನುಂಗುವ ಶಕ್ತಿ ಇನ್ನೂ ಇತ್ತು. ಅಳುತ್ತಲೇ ಗುಟುಕು ಗುಟುಕಾಗಿ ಕುಡಿಸಿದೆ. ನನ್ನ ಜೀವಮಾನದಲ್ಲಿ ಅಷ್ಟು ಉದ್ದದ ಹತ್ತು ನಿಮಿಷ ಇನ್ನೊಂದಿಲ್ಲ.

ಭಾವ ಕಣ್ಣರಳಿಸಿದರು. ನನ್ನನ್ನು ನೋಡಿದರು, ಲೋಟ ನೋಡಿದರು. "ಪಾಕ ಕೊಟ್ಟೆ ಸರಿ, ಜಾಮೂನೆಲ್ಲಿ?" ಎಂದರು. ಅಕ್ಕ ಅಲ್ಲೇ ಕುಸಿದು ಕೂತು ಗೋಳೋ ಎಂದು ಅತ್ತಳು.

ಅವತ್ತೇ ನೆಂಟರನ್ನೆಲ್ಲ ಸುತ್ತ ಕೂರಿಸಿಕೊಂಡು, ಸಕ್ಕರೆ ಏರುವುದಷ್ಟೇ ಅಲ್ಲ, ಇಳಿಯುವುದೂ ಅಪಾಯ, ಬೆವರು, ನಡುಕ, ಆಕಳಿಕೆ ಕಂಡರೆ ತಕ್ಷಣ ಸಿಹಿ ಕೊಡಿ ಎಂದು ಪಾಠ ಹೇಳಿದೆ. ಎಲ್ಲರೂ ಗೋಣು ಆಡಿಸಿದರು.

ಮುಂದಿನ ವರ್ಷ ಭಾವ ಸಿಕ್ಕಾಗ ದೂರಿದರು: "ಎಂಥಾ ಪಾಠ ಹೇಳಿಕೊಟ್ಟೆ ಮಾರಾಯ್ತಿ! ಈಗ ಯಾರ ಮದುವೇಲೂ ನಾನು ಆಕಳಿಸೋ ಹಾಗಿಲ್ಲ. ಬಾಯಿ ತೆಗೆದ್ರೆ ಸಾಕು, ನಾಲ್ಕು ಕಡೆಯಿಂದ ಜಾಮೂನು ಬಂದು ಬೀಳುತ್ತೆ!"